ದುಡಿಯುವ ತಾಣದ ನಡೆ-ರೂಢಿ

ಯಾವ ಸಂಸ್ಥೆಯಲ್ಲೂ ಯಾರೂ ಬರೆದಿಡದ, ಆದರೆ ಎಲ್ಲರಿಗೂ ಗೊತ್ತಿರುವ ಒಂದು ಕಟ್ಟಳೆ ಇರುತ್ತದೆ. ಪಗಾರ ಯಾವ ತಾರೀಖಿಗೆ ಕೈಗೆ ಬರುತ್ತದೆ, ತಡವಾಗಿ ಬಂದವನನ್ನು ಹೇಗೆ ಮಾತಾಡಿಸುತ್ತಾರೆ, ಯಂತ್ರ ಕೆಟ್ಟರೆ ಮೊದಲು ಹುಡುಕುವುದು ಕೆಟ್ಟ ಭಾಗವನ್ನೋ ಕೆಡಿಸಿದವನನ್ನೋ, ಮೇಲಿನವರು ತಪ್ಪಿದಾಗ ಕೆಳಗಿನವರು ಬಾಯಿ ಬಿಡಬಹುದೋ ಇಲ್ಲವೋ, ಇವನ್ನೆಲ್ಲ ಹೊಸಬ ಒಂದೇ ತಿಂಗಳಲ್ಲಿ ಕಲಿತುಬಿಡುತ್ತಾನೆ. ಈ ಕಟ್ಟಳೆಗೆ ಆಡಳಿತ ಶಾಸ್ತ್ರದಲ್ಲಿ ಸಂಸ್ಥೆಯ ಸಂಸ್ಕೃತಿ ಎಂಬ ಹೆಸರಿದೆ. ಕೆಲಸ ಕೇಳಿಕೊಂಡು ಬಾಗಿಲಿಗೆ ಬಂದ ದಿನದಿಂದ ಲೆಕ್ಕ ಮುಗಿಸಿ ಹೊರಡುವ ದಿನದವರೆಗೆ ದುಡಿಯುವವರ ಪಾಲಿಗೆ ಬಂದದ್ದೆಲ್ಲ ಉದ್ಯೋಗಿಯ ಅನುಭವ. ಮೊದಲನೆಯದು ಮನೆಯ ರೂಢಿಯಿದ್ದಂತೆ. ಎರಡನೆಯದು ಆ ಮನೆಯಲ್ಲಿ ಬಾಳಿದ ನೆನಪು.

ಅಮೆರಿಕದ ವಿದ್ವಾಂಸ ಎಡ್ಗರ್ ಶೈನ್ 1985ರಲ್ಲಿ ಹೊರತಂದ ಗ್ರಂಥದಲ್ಲಿ ಸಂಸ್ಥೆಯ ಸಂಸ್ಕೃತಿಯನ್ನು ಮೂರು ಪದರಗಳಾಗಿ ಬಿಡಿಸಿ ತೋರಿಸಿದ. ಮೇಲಿನ ಪದರ ಕಣ್ಣಿಗೆ ಬೀಳುವಂಥದ್ದು: ಸಮವಸ್ತ್ರ, ಗೋಡೆಯ ಫಲಕ, ಆಯುಧಪೂಜೆಯ ದಿನ ಯಂತ್ರಕ್ಕೆ ಹಚ್ಚುವ ಕುಂಕುಮ. ನಡುವಿನ ಪದರ ಸಂಸ್ಥೆ ತನ್ನ ಬಗ್ಗೆ ಹೇಳಿಕೊಳ್ಳುವ ಮಾತು. ತಳದ ಪದರದಲ್ಲಿರುವುದು ಯಾರೂ ಬಾಯಿಬಿಟ್ಟು ಹೇಳದ ನಂಬಿಕೆ. ‘ಸುರಕ್ಷತೆ ಮೊದಲು’ ಎಂಬ ಫಲಕ ತೂಗುವ ಗಿರಣಿಯಲ್ಲಿ, ಓಡುತ್ತಿರುವ ಯಂತ್ರಕ್ಕೆ ಕೈ ಹಾಕಿ ಸಿಕ್ಕಿದ ಅರಳೆ ತೆಗೆಯುವವನಿಗೇ ಚುರುಕುಗಾರನೆಂಬ ಹೊಗಳಿಕೆ ಸಿಗುತ್ತಿದ್ದರೆ, ಅಲ್ಲಿನ ತಳದ ನಂಬಿಕೆ ಫಲಕಕ್ಕೆ ವಿರುದ್ಧವಾಗಿದೆ ಎಂದೇ ಅರ್ಥ. ಕೆಲಸಗಾರರು ನಡೆಯುವುದು ತಳದ ನಂಬಿಕೆಯಂತೆ. ಆದ್ದರಿಂದ ಸಂಸ್ಕೃತಿ ಕಟ್ಟುವ ಕೆಲಸ ಫಲಕ ಬರೆಸುವುದರಿಂದ ಮೊದಲಾಗುವುದಿಲ್ಲ. ಯಾವ ನಡತೆಗೆ ಮೆಚ್ಚುಗೆ, ಯಾವುದಕ್ಕೆ ತಡೆ ಎಂಬುದನ್ನು ದಿನವೂ ಒಂದೇ ತೆರನಾಗಿ ತೋರಿಸುವುದರಿಂದ ಮೊದಲಾಗುತ್ತದೆ.

ಈ ವಿಷಯವನ್ನು ನೋಡಲು ರಾಯಚೂರು ಜಿಲ್ಲೆ ತಕ್ಕ ಜಾಗ, ಏಕೆಂದರೆ ದುಡಿಮೆಯ ಹಲವು ಬಗೆಗಳು ಇಲ್ಲಿ ಅಕ್ಕಪಕ್ಕದಲ್ಲಿವೆ. ರಾಯಚೂರು ನಗರದಿಂದ ಸುಮಾರು 20 ಕಿಲೋಮೀಟರು ದೂರದಲ್ಲಿ, ಕೃಷ್ಣೆಯ ದಂಡೆಯ ಶಕ್ತಿನಗರದಲ್ಲಿ ಕರ್ನಾಟಕ ವಿದ್ಯುತ್ ನಿಗಮದ ಉಷ್ಣ ವಿದ್ಯುತ್ ಕೇಂದ್ರವಿದೆ. ಅದರ ಮೊದಲ ಘಟಕ 1985ರಲ್ಲಿ ಶುರುವಾಯಿತು. ಎಂಟು ಘಟಕಗಳ ಒಟ್ಟು ಸಾಮರ್ಥ್ಯ 1,720 ಮೆಗಾವಾಟ್. ಲಿಂಗಸುಗೂರು ತಾಲ್ಲೂಕಿನ ಹಟ್ಟಿಯಲ್ಲಿ ಚಿನ್ನದ ಗಣಿ ಇದೆ. 1947ರಲ್ಲಿ ಹೈದರಾಬಾದ್ ಗೋಲ್ಡ್ ಮೈನ್ಸ್ ಎಂಬ ಹೆಸರಿನಲ್ಲಿ ಹುಟ್ಟಿದ ಕಂಪನಿ 1956ರಲ್ಲಿ ಹಟ್ಟಿ ಚಿನ್ನದ ಗಣಿ ಕಂಪನಿಯಾಯಿತು, ಈಗ ರಾಜ್ಯ ಸರ್ಕಾರದ ಉದ್ಯಮವಾಗಿದೆ. ದೇವದುರ್ಗ ತಾಲ್ಲೂಕಿನ ಊಟಿ ಮತ್ತು ಮಾನ್ವಿ ಸೀಮೆಯ ಹೀರಾ-ಬುದ್ದಿನ್ನಿ ಗಣಿಗಳೂ ಇದೇ ಕಂಪನಿಯವು. ನಗರದ ಮಾರುಕಟ್ಟೆಯಾದ ರಾಜೇಂದ್ರ ಗಂಜ್‌ನಲ್ಲಿ ಹತ್ತಿ, ಭತ್ತ, ತೊಗರಿಯ ಚೀಲ ಹೊರುವ ಹಮಾಲರಿದ್ದಾರೆ. ತುಂಗಭದ್ರಾ ಎಡದಂಡೆ ಕಾಲುವೆಯ ನೀರುಂಡ ಮಾನ್ವಿ ಕಡೆಯ ಭತ್ತಕ್ಕೆ ಅಕ್ಕಿ ಗಿರಣಿಗಳಿವೆ, ಎರೆಮಣ್ಣಿನ ಹತ್ತಿಯ ಬೀಜ ಬಿಡಿಸುವ ಜಿನ್ನಿಂಗ್ ಕಾರ್ಖಾನೆಗಳಿವೆ. ಇವು ಯಾವುವೂ ಸಾಲದ ದೇವದುರ್ಗದ ಕುಟುಂಬಗಳು ಬೆಂಗಳೂರು, ಪುಣೆ, ಹೈದರಾಬಾದುಗಳಿಗೆ ಗುಳೆ ಹೋಗುತ್ತವೆ. ಹಾಜರಿ ಪುಸ್ತಕದಲ್ಲಿ ಹೆಸರಿರುವ ಕಾಯಂ ನೌಕರನಿಂದ ಹಿಡಿದು ಯಾವ ಪುಸ್ತಕದಲ್ಲೂ ಹೆಸರಿಲ್ಲದ ದಿನಗೂಲಿಯವರೆಗೆ ದುಡಿಮೆಯ ಎಲ್ಲ ಮೆಟ್ಟಿಲೂ ಒಂದೇ ಜಿಲ್ಲೆಯಲ್ಲಿ ಕಾಣುತ್ತವೆ. ಹೀಗೆ ಕಂಡಾಗ ಒಂದು ಅಳತೆಗೋಲೂ ಸಿಗುತ್ತದೆ: ಸಂಸ್ಥೆಯ ಸಂಸ್ಕೃತಿ ಎಂಥದ್ದೆಂದು ತಿಳಿಯಬೇಕಾದರೆ ಅದರ ಕಡೆಯ ಮೆಟ್ಟಿಲಲ್ಲಿ ನಿಂತವರಿಗೆ ಸಿಗುವ ನಡೆಯನ್ನು ನೋಡಬೇಕು.

ದುಡಿಮೆಗೆ ಮರ್ಯಾದೆ ಕೊಡುವ ವಿಚಾರ ಈ ನೆಲಕ್ಕೆ ಹೊರಗಿನಿಂದ ಬಂದದ್ದಲ್ಲ. ಹನ್ನೆರಡನೆಯ ಶತಮಾನದ ಶರಣ ದಂಪತಿ ಆಯ್ದಕ್ಕಿ ಮಾರಯ್ಯ ಮತ್ತು ಲಕ್ಕಮ್ಮ ಲಿಂಗಸುಗೂರು ತಾಲ್ಲೂಕಿನ ಅಮರೇಶ್ವರದವರೆಂದು ಪ್ರತೀತಿ. ಕಲ್ಯಾಣದ ಅಂಗಳದಲ್ಲಿ ಚೆಲ್ಲಿದ ಅಕ್ಕಿ ಆಯ್ದು ತರುವುದು ಮಾರಯ್ಯನ ಕಾಯಕ. ಒಂದು ದಿನ ಅವನು ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ ಲಕ್ಕಮ್ಮ ಅದನ್ನು ಮನೆಯೊಳಕ್ಕೆ ಬಿಟ್ಟುಕೊಳ್ಳದೆ, ಹೆಚ್ಚಿನದನ್ನು ತಂದಲ್ಲಿಗೇ ಸುರಿದು ಬರಲು ಹೇಳಿದಳೆಂಬ ಕಥೆ ಕನ್ನಡನಾಡಿನಲ್ಲಿ ಮನೆಮಾತು. ಈ ಕಥೆಯನ್ನು ದುಡಿಯುವವನಿಗೆ ಹೇಳುವ ಬುದ್ಧಿಮಾತಾಗಿಯೇ ಸಾಮಾನ್ಯವಾಗಿ ಬಳಸುತ್ತಾರೆ. ಅದಕ್ಕೆ ಇನ್ನೊಂದು ಮಗ್ಗುಲೂ ಇದೆ. ಸಲ್ಲದ್ದನ್ನು ತೆಗೆದುಕೊಳ್ಳಬಾರದೆಂಬ ನಿಯಮ ದುಡಿಸಿಕೊಳ್ಳುವವನಿಗೂ ಅನ್ವಯಿಸುತ್ತದೆ. ಕೂಲಿ ಕೊಡದ ಒಂದು ಗಂಟೆಯ ದುಡಿಮೆಯೂ ಹೆಚ್ಚಿಗೆ ತಂದ ಅಕ್ಕಿಯೇ. ಹೇಳುವ ಧೈರ್ಯ ಮಾಡಿದವಳು ಲಕ್ಕಮ್ಮ, ಕೇಳಿ ತಿದ್ದಿಕೊಂಡವನು ಮಾರಯ್ಯ ಎಂಬುದೂ ಗಮನಿಸತಕ್ಕದ್ದು.

ಉದ್ಯೋಗಿಯ ಅನುಭವ ಕೆಲವು ಕಂಬಗಳ ಮೇಲೆ ನಿಲ್ಲುತ್ತದೆ. ಮೊದಲ ಕಂಬ ಪಗಾರದ ನಿಶ್ಚಿತತೆ. ಪಗಾರದ ಮೊತ್ತ ಎಷ್ಟು ಮುಖ್ಯವೋ ಅದರ ದಿನವೂ ಅಷ್ಟೇ ಮುಖ್ಯ. ಕಿರಾಣಿ ಅಂಗಡಿಯ ಉದ್ದರಿ, ಮಕ್ಕಳ ಫೀಜು, ಸಂಘದ ಸಾಲದ ಕಂತು ಎಲ್ಲವೂ ತಾರೀಖಿಗೆ ಕಟ್ಟುಬಿದ್ದಿರುತ್ತವೆ. ಪಗಾರ ನಾಲ್ಕು ದಿನ ತಡವಾದರೆ ಬಡ್ಡಿ ಓಡುವುದು ಕೆಲಸಗಾರನ ಲೆಕ್ಕದಲ್ಲಿ. ಸಾವಿರಕ್ಕಿಂತ ಕಡಿಮೆ ಜನರಿರುವಲ್ಲಿ ಮುಂದಿನ ತಿಂಗಳ 7ನೇ ತಾರೀಖಿನೊಳಗೆ, ಅದಕ್ಕಿಂತ ದೊಡ್ಡ ಸಂಸ್ಥೆಯಲ್ಲಿ 10ರೊಳಗೆ ವೇತನ ಸಲ್ಲಬೇಕೆಂದು 1936ರ ವೇತನ ಪಾವತಿ ಕಾಯ್ದೆಯೇ ಗೊತ್ತು ಮಾಡಿತ್ತು. ಸಂಸತ್ತು 2019 ಮತ್ತು 2020ರಲ್ಲಿ ಅಂಗೀಕರಿಸಿದ ನಾಲ್ಕು ಕಾರ್ಮಿಕ ಸಂಹಿತೆಗಳು 29 ಹಳೆಯ ಕಾನೂನುಗಳನ್ನು ಒಗ್ಗೂಡಿಸಿ, ಕೆಲಸಕ್ಕೆ ಸೇರಿದವರಿಗೆ ನೇಮಕಾತಿ ಪತ್ರ ಕೊಡಬೇಕೆಂಬ ಅಂಶವನ್ನೂ ಸೇರಿಸಿದವು. ಸಣ್ಣ ಗಿರಣಿಯಲ್ಲಿ ಇದು ಅರ್ಧ ಪುಟದ ಕಾಗದ: ಕೆಲಸ ಯಾವುದು, ಕೂಲಿ ಎಷ್ಟು, ಪಾಳಿ ಎಷ್ಟು ಹೊತ್ತಿನದು, ವಾರದ ರಜೆ ಎಂದು, ಕೊಟ್ಟ ಮುಂಗಡ ಹೇಗೆ ಕಡಿತವಾಗುತ್ತದೆ. ಮುಂಗಡದ ಲೆಕ್ಕ ಬಾಯಿಮಾತಿನಲ್ಲಿ ಉಳಿದರೆ ಸಾಲ ಯಾವುದು ದುಡಿಮೆ ಯಾವುದು ಎಂಬ ಗೆರೆ ಅಳಿಸಿ, ಕೆಲಸಗಾರ ಮಾಲೀಕನ ಅಂಗಳದಿಂದ ಹೊರಬರಲಾರದಂತಾಗುತ್ತದೆ. ಬರೆದು ಕೊಟ್ಟ ಲೆಕ್ಕ ಇಬ್ಬರಿಗೂ ಕಾವಲು.

ಚೀಲದ ಲೆಕ್ಕದಲ್ಲಿ ಕೂಲಿ ಪಡೆಯುವ ಹಮಾಲಿಗೆ ಮತ್ತು ಕಿಲೋ ಲೆಕ್ಕದಲ್ಲಿ ಹತ್ತಿ ಬಿಡಿಸುವ ಹೆಣ್ಣಾಳಿಗೆ ಪಗಾರದ ತಾರೀಖಿಲ್ಲ. ಅಲ್ಲಿ ನಂಬಿಕೆ ನಿಂತಿರುವುದು ತೂಕದ ಮೇಲೆ. ತೂಗುವಾಗ ಮುಳ್ಳು ದುಡಿದವರ ಕಣ್ಣಿಗೂ ಬೀಳುವಂತಿರಬೇಕು, ಎಣಿಕೆ ಅವರೆದುರಿಗೇ ಆಗಬೇಕು, ಆ ದಿನದ್ದು ಆ ದಿನವೇ ತೀರಬೇಕು. ಈ ಮೂರು ಸರಿಯಿರುವ ಹೊಲಕ್ಕೆ ಹಂಗಾಮಿನಲ್ಲಿ ಆಳಿನ ಅಭಾವ ಅಷ್ಟಾಗಿ ಕಾಡುವುದಿಲ್ಲ.

ಎರಡನೆಯ ಕಂಬ ಮೈಯ ಯೋಗಕ್ಷೇಮ. ರಾಯಚೂರಿನಲ್ಲಿ ಏಪ್ರಿಲ್, ಮೇ ತಿಂಗಳಲ್ಲಿ ಬಿಸಿಲು 40 ಡಿಗ್ರಿ ದಾಟುವುದು ವಾಡಿಕೆ. ಅದಕ್ಕಾಗಿ ಕಲಬುರಗಿ ವಿಭಾಗದ ಜಿಲ್ಲೆಗಳಲ್ಲೂ ವಿಜಯಪುರ, ಬಾಗಲಕೋಟೆಗಳಲ್ಲೂ ಬೇಸಿಗೆಯಲ್ಲಿ ಸರ್ಕಾರಿ ಕಚೇರಿಗಳ ವೇಳೆಯನ್ನು ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ ಬದಲಿಸುವ ಪದ್ಧತಿ ಬಂದಿದೆ. ನಿಯಮ ಜನರ ಮೈಗೆ ಹೊಂದಿಕೊಂಡದ್ದಕ್ಕೆ ಇದು ಒಳ್ಳೆಯ ನಿದರ್ಶನ. ಫ್ಯಾನಿನ ಕೆಳಗೆ ಕೂತವರಿಗೆ ಸಲ್ಲುವ ಈ ರಿಯಾಯಿತಿ ತಗಡಿನ ಶೆಡ್ಡಿನಡಿ ಅರಳೆ ಹೊರುವವರಿಗೂ, ಲಾರಿಯಿಂದ ಚೀಲ ಇಳಿಸುವವರಿಗೂ ಸಲ್ಲಬೇಕು. ನಸುಕಿನಲ್ಲಿ ಕೆಲಸ ಶುರು ಮಾಡಿ ನಡುಹಗಲಲ್ಲಿ ಬಿಡುವು ಕೊಟ್ಟು ಇಳಿಹೊತ್ತಿನಲ್ಲಿ ಮುಂದುವರಿಸುವುದು ರೈತನಿಗೆ ಮೊದಲಿನಿಂದ ಗೊತ್ತಿರುವ ಕ್ರಮ. ಗಿರಣಿ ಅದನ್ನು ಅನುಸರಿಸಲು ಖರ್ಚೇನೂ ಆಗದು.

ನೀರಿನ ವಿಷಯದಲ್ಲಿ 1948ರ ಕಾರ್ಖಾನೆಗಳ ಕಾಯ್ದೆ ಎಷ್ಟು ಸೂಕ್ಷ್ಮವಾಗಿತ್ತೆಂದರೆ, ಕುಡಿಯುವ ನೀರಿನ ಜಾಗಕ್ಕೆ ಹೆಚ್ಚಿನ ಕೆಲಸಗಾರರಿಗೆ ತಿಳಿಯುವ ಭಾಷೆಯಲ್ಲಿ ಹಾಗೆಂದು ಬರೆದಿರಬೇಕು, 250ಕ್ಕಿಂತ ಹೆಚ್ಚು ಜನರಿರುವಲ್ಲಿ ಬೇಸಿಗೆಯಲ್ಲಿ ತಣ್ಣೀರು ಕೊಡಬೇಕು ಎಂದಿತ್ತು. ಕಾಯ್ದೆ ಹೇಳದ ಒಂದು ಮಾತು ಸಂಸ್ಕೃತಿಗೆ ಸೇರಿದ್ದು: ಗಡಿಗೆ ಒಂದೇ, ಲೋಟ ಒಂದೇ ಆಗಿರಬೇಕು. ಕೆಲವರಿಗೆ ಎತ್ತಿ ಹೊಯ್ಯುವ ನೀರು, ಕೆಲವರಿಗೆ ದೂರದ ಪಂಕ್ತಿ ಇರುವ ಕಡೆ ಉಳಿದ ಯಾವ ಸೌಲಭ್ಯವೂ ಮರ್ಯಾದೆಯಾಗಿ ತಟ್ಟುವುದಿಲ್ಲ. ಸಂವಿಧಾನದ 17ನೇ ವಿಧಿ ಅಸ್ಪೃಶ್ಯತೆಯನ್ನು ತೊಡೆದುಹಾಕಿದೆ. ದುಡಿಯುವ ತಾಣದಲ್ಲಿ ಅದು ಜಾರಿಗೆ ಬಂದಿದೆಯೋ ಇಲ್ಲವೋ ಎಂಬುದು ಊಟದ ಹೊತ್ತಿನಲ್ಲಿ ತಿಳಿಯುತ್ತದೆ.

ಹೆಣ್ಣುಮಕ್ಕಳ ಅನುಭವಕ್ಕೆ ಬೇರೆಯೇ ಪ್ರಶ್ನೆಗಳಿವೆ. ಮೊದಲನೆಯದು ಶೌಚಾಲಯ, ಎರಡನೆಯದು ಮಗು. 2005ರ ಉದ್ಯೋಗ ಖಾತರಿ ಕಾಯ್ದೆ 2006ರ ಫೆಬ್ರುವರಿಯಲ್ಲಿ ದೇಶದ 200 ಜಿಲ್ಲೆಗಳಲ್ಲಿ ಜಾರಿಯಾದಾಗ ರಾಯಚೂರೂ ಆ ಪಟ್ಟಿಯಲ್ಲಿತ್ತು. ಕೆಲಸದ ಜಾಗದಲ್ಲಿ ಕುಡಿಯುವ ನೀರು, ನೆರಳು, ಪ್ರಥಮ ಚಿಕಿತ್ಸೆಯ ಪೆಟ್ಟಿಗೆ ಇರಬೇಕು, ಆರು ವರ್ಷದೊಳಗಿನ ಐದು ಮಕ್ಕಳಿದ್ದರೆ ಅವರನ್ನು ನೋಡಿಕೊಳ್ಳಲು ಒಬ್ಬ ಹೆಣ್ಣುಮಗಳನ್ನೇ ನೇಮಿಸಿ ಅವಳಿಗೂ ಕೂಲಿ ಕೊಡಬೇಕು ಎಂಬುದು ಆ ಕಾಯ್ದೆಯ ವಿಧಿಯಾಗಿತ್ತು. ಗುಂಪಿನ ಹಾಜರಿ ಮತ್ತು ಅಳತೆ ನೋಡಿಕೊಳ್ಳುವವರನ್ನು ಕರ್ನಾಟಕ ಮೇಸ್ತ್ರಿ ಎನ್ನದೆ ‘ಕಾಯಕ ಬಂಧು’ ಎಂದು ಕರೆಯಿತು. 2023-24ರ ಬಜೆಟ್ಟಿನ ನಂತರ ಗ್ರಾಮ ಪಂಚಾಯ್ತಿಗಳಲ್ಲಿ ತೆರೆದ ‘ಕೂಸಿನ ಮನೆ’ಗಳು ಅದೇ ವಿಚಾರದ ಮುಂದಿನ ಹೆಜ್ಜೆ. ಮಣ್ಣು ಹೊರುವ ಜಾಗಕ್ಕೆ ಇಷ್ಟನ್ನು ಯೋಚಿಸಬಹುದಾದರೆ ಹೆಣ್ಣಾಳುಗಳೇ ಹೆಚ್ಚಿರುವ ಜಿನ್ನಿಂಗ್ ಕಾರ್ಖಾನೆಗೆ ಅದು ಅಸಾಧ್ಯವಲ್ಲ. ಹತ್ತು ಜನ ಮತ್ತು ಹೆಚ್ಚು ಇರುವ ಕಡೆ ಲೈಂಗಿಕ ಕಿರುಕುಳದ ದೂರು ಕೇಳಲು ಆಂತರಿಕ ಸಮಿತಿ ಬೇಕೆಂಬುದು 2013ರ ಕಾಯ್ದೆಯ ವಿಧಿ. ಸಮಿತಿಯ ಹೆಸರುಗಳನ್ನು ಎಲ್ಲರೂ ಓದುವ ಜಾಗದಲ್ಲಿ ಕನ್ನಡದಲ್ಲಿ ಹಾಕುವುದು, ದೂರಿತ್ತವಳ ಪಾಳಿಯನ್ನಾಗಲಿ ಕೂಲಿಯನ್ನಾಗಲಿ ಆಮೇಲೆ ಯಾರೂ ಕಡಿಯದಂತೆ ನೋಡಿಕೊಳ್ಳುವುದು ಸಂಸ್ಕೃತಿ. ಗಣಿಯ ಒಳಗೆ ಹೆಣ್ಣುಮಕ್ಕಳು ಇಳಿಯಕೂಡದೆಂಬ ಹಳೆಯ ತಡೆಯನ್ನೂ ಕೇಂದ್ರ ಸರ್ಕಾರ 2019ರಲ್ಲಿ ಸಡಿಲಿಸಿ, ತಾಂತ್ರಿಕ ಮತ್ತು ಮೇಲ್ವಿಚಾರಣೆಯ ಕೆಲಸಗಳಿಗೆ ಹಗಲು ಹೊತ್ತಿನಲ್ಲಿ ಅವಕಾಶ ಕೊಟ್ಟಿತು.

ಮೂರನೆಯ ಕಂಬ ಸುರಕ್ಷತೆ ಮತ್ತು ಅದರ ಜೊತೆಗೇ ಬರುವ ಮಾತಿನ ಸ್ವಾತಂತ್ರ್ಯ. ಇದನ್ನು ಗಣಿಯಷ್ಟು ಸ್ಪಷ್ಟವಾಗಿ ಇನ್ನಾವ ಕಸುಬೂ ಕಲಿಸದು. ನೆಲದಡಿ ನೂರಾರು ಮೀಟರು ಆಳದಲ್ಲಿ ಬಂಡೆಯ ಸದ್ದು ಬದಲಾದದ್ದು ಮೊದಲು ಕೇಳುವುದು ಡ್ರಿಲ್ಲು ಹಿಡಿದವನಿಗೆ. ಮೇಲಿನ ಕಚೇರಿಯ ನಕ್ಷೆಯಲ್ಲಿ ಅದು ಕಾಣುವುದಿಲ್ಲ. ಅವನು ಆ ಸದ್ದಿನ ಸುದ್ದಿಯನ್ನು ಮೇಲಕ್ಕೆ ಮುಟ್ಟಿಸಲು ಹಿಂಜರಿದರೆ ಇಡೀ ಪಾಳಿಯ ಜೀವಕ್ಕೆ ಅಪಾಯ. ಗಣಿ ನಿಯಮಗಳು ಇದನ್ನು ಅರಿತೇ ರೂಪುಗೊಂಡವು. ನೂರಕ್ಕಿಂತ ಹೆಚ್ಚು ಜನರಿರುವ ಗಣಿಗೆ ಸುರಕ್ಷತಾ ಸಮಿತಿ, 500 ಮತ್ತು ಅದಕ್ಕೂ ಹೆಚ್ಚು ಜನರಿರುವ ಗಣಿಗೆ ಕಾರ್ಮಿಕರ ಪರವಾದ ತಪಾಸಣೆಗಾರ ಬೇಕೆಂದು ಅವು ವಿಧಿಸಿದವು. ಒಳಗೆ ಇಳಿಯುವ ಹೊಸಬನಿಗೆ ಮೊದಲು ತರಬೇತಿ ಆಗಬೇಕೆಂಬುದು 1966ರ ವೃತ್ತಿ ತರಬೇತಿ ನಿಯಮಗಳ ಕಟ್ಟಳೆ.

ಅಮೆರಿಕದ ಅಲ್ಯೂಮಿನಿಯಂ ಕಂಪನಿ ಅಲ್ಕೋವಾದ ಚುಕ್ಕಾಣಿಯನ್ನು 1987ರಲ್ಲಿ ಹಿಡಿದ ಪಾಲ್ ಓ’ನೀಲ್, ಹೂಡಿಕೆದಾರರ ಎದುರಿನ ಮೊದಲ ಭಾಷಣದಲ್ಲಿ ಲಾಭದ ಮಾತೆತ್ತದೆ ಕಾರ್ಮಿಕರ ಸುರಕ್ಷತೆಯ ಮಾತಾಡಿ ಅವರನ್ನು ಗಲಿಬಿಲಿಗೊಳಿಸಿದ. ಪೆಟ್ಟು ಯಾಕಾಯಿತೆಂದು ತಿಳಿಯಬೇಕಾದರೆ ಕೆಲಸ ಹೇಗೆ ನಡೆಯುತ್ತದೆಂದು ತಿಳಿಯಬೇಕು. ಅದನ್ನು ತಿಳಿಯಲು ಕೆಳಗಿನವರ ಮಾತು ಕೇಳಬೇಕು. ಹೀಗೆ ಒಂದನ್ನು ಹಿಡಿದೆಳೆದಾಗ ಉಳಿದದ್ದೆಲ್ಲ ಅದರ ಹಿಂದೆ ಬಂತು. ಅವನ ಕಾಲದಲ್ಲಿ ಪೆಟ್ಟುಗಳು ಕಡಿಮೆಯಾದವು, ಕಂಪನಿಯ ಲಾಭವೂ ಏರಿತು. ಇದರ ಪಾಠ ಅಕ್ಕಿ ಗಿರಣಿಗೂ ಹೊಂದುತ್ತದೆ. ಬೆಲ್ಟಿಗೆ ಅಂಗಿಯ ತುದಿ ಸಿಕ್ಕಿ ಹರಿದು, ಕೈ ಉಳಿದ ದಿನವೇ ಕಾರಣ ಹುಡುಕಿ ಬೆಲ್ಟಿಗೆ ಜಾಲರಿ ಹಾಕಿಸಬೇಕು. ಹಾಗಾಗಬೇಕಾದರೆ ಅಂಗಿ ಹರಿದವನು ಬೈಗುಳಕ್ಕೆ ಹೆದರಿ ಸುದ್ದಿಯನ್ನು ಮುಚ್ಚಿಡದಂಥ ವಾತಾವರಣ ಬೇಕು.

ಅಂಥ ವಾತಾವರಣ ಕಟ್ಟುವಲ್ಲಿ ಎಲ್ಲರಿಗಿಂತ ಮುಖ್ಯನಾಗುವವನು ಆಳುಗಳ ಮೇಲ್ವಿಚಾರಕನಾದ ಮುಕಾದಮ. ಮಾಲೀಕನ ಧೋರಣೆ ಎಂಥದ್ದೇ ಇರಲಿ, ಆಳುಗಳ ಪಾಲಿಗೆ ಸಂಸ್ಥೆ ಎಂದರೆ ಮುಕಾದಮನ ನಾಲಗೆ. ರಜೆ ಕೇಳುವುದು ಅವನನ್ನು, ಪೆಟ್ಟಾದರೆ ಹೇಳುವುದು ಅವನಿಗೆ, ಹಾಜರಿ ಹಾಕುವವನೂ ಅವನೇ. ಚೆನ್ನಾಗಿ ಕೆಲಸ ಮಾಡುತ್ತಿದ್ದವನನ್ನು ಬಡ್ತಿ ಕೊಟ್ಟು ಮುಕಾದಮನನ್ನಾಗಿ ಮಾಡಿದಾಗ ಅವನ ಕಸುಬು ಬದಲಾಗಿರುತ್ತದೆ. ಅಲ್ಲಿಯವರೆಗೆ ಯಂತ್ರ ನಡೆಸಿದವನು ಇನ್ನು ಜನರನ್ನು ನಡೆಸಬೇಕು. ಏಕವಚನದಲ್ಲಿ ಗದರದೆ ಕೆಲಸ ಹೇಳುವುದು, ಪಾಳಿ ಹಂಚುವಾಗ ತನ್ನವರು ಪರರು ಎಣಿಸದಿರುವುದು, ಕೆಟ್ಟ ಸುದ್ದಿ ತಂದವನಿಗೆ ಮೊದಲು ಕುಡಿಯಲು ನೀರು ಕೊಟ್ಟು ಆಮೇಲೆ ವಿಚಾರಿಸುವುದು ಕಲಿತು ಬರುವ ಗುಣಗಳು. ಸಂಸ್ಥೆ ತರಬೇತಿಗೆಂದು ಹಣ ತೆಗೆದಿಡುವುದಾದರೆ ಅದರ ಮೊದಲ ಪಾಲು ಈ ನಡುವಿನ ಮೆಟ್ಟಿಲಿಗೆ ಸಲ್ಲಬೇಕು.

ನಾಲ್ಕನೆಯ ಕಂಬ ಗೇಟಿನ ಹೊರಗಿನ ಬದುಕು. ಜೆಮ್‌ಶೆಡ್‌ಪುರದ ಟಾಟಾ ಉಕ್ಕಿನ ಕಾರ್ಖಾನೆ 1912ರಲ್ಲಿ ಎಂಟು ಗಂಟೆಯ ದುಡಿಮೆಯನ್ನೂ 1920ರಲ್ಲಿ ಭವಿಷ್ಯನಿಧಿಯನ್ನೂ ಜಾರಿಗೆ ತಂದಿತು. ಕಾನೂನು ಇವನ್ನು ಎಲ್ಲ ಕಡೆಗೆ ವಿಸ್ತರಿಸಲು ದಶಕಗಳೇ ಬೇಕಾದವು. ದೂರದ ಜಾಗದಲ್ಲಿ ಕೆಲಸ ಕೊಡುವವರು ವಸತಿ, ಶಾಲೆ, ದವಾಖಾನೆಗಳನ್ನೂ ಕಟ್ಟಬೇಕೆಂಬ ಆ ಮಾದರಿಯ ವಂಶದವೇ ಹಟ್ಟಿಯ ಗಣಿ ಕಾಲೊನಿ ಮತ್ತು ಶಕ್ತಿನಗರ. ಹಗಲು ರಾತ್ರಿ ಮೂರು ಪಾಳಿಯಲ್ಲಿ ನಡೆಯುವ ಕೆಲಸಕ್ಕೆ ಹತ್ತಿರದ ಮನೆ ಬೇಕು. ರಾತ್ರಿ ಪಾಳಿ ಮುಗಿಸಿ ಬಂದವನು ಹಗಲು ನಿದ್ದೆ ಮಾಡಲು ಮನೆ ಶಾಂತವಾಗಿರಬೇಕು. ಒಂದೇ ಶಾಲೆಯಲ್ಲಿ ಓದುವ ಮಕ್ಕಳು, ಒಂದೇ ಬೀದಿಯ ಹಬ್ಬಗಳು ಕೆಲಸದ ಬಾಂಧವ್ಯವನ್ನು ಊರಿನ ಬಾಂಧವ್ಯವನ್ನಾಗಿ ಮಾಡುತ್ತವೆ.

ಇಂಥ ವ್ಯವಸ್ಥೆಗೆ ಎರಡು ದುರ್ಬಲ ಜಾಗಗಳಿವೆ. ಊರು ಒಂದೇ ಉದ್ಯಮಕ್ಕೆ ಜೋತುಬಿದ್ದಿರುತ್ತದೆ; 2001ರ ಫೆಬ್ರುವರಿ 28ರಂದು ಕೋಲಾರದ ಚಿನ್ನದ ಗಣಿಗಳು ಮುಚ್ಚಿದಾಗ ಅದರೊಂದಿಗೆ ಒಂದು ಊರಿನ ಬದುಕೇ ಕುಸಿದದ್ದು ಇದಕ್ಕೆ ಸಾಕ್ಷಿ. ಇನ್ನೊಂದು, ಕಾಯಂ ನೌಕರ ಮತ್ತು ಗುತ್ತಿಗೆ ಕೆಲಸಗಾರರ ನಡುವಿನ ಅಂತರ. ದೊಡ್ಡ ಉದ್ಯಮಗಳಲ್ಲಿ ಸ್ವಚ್ಛತೆ, ಸಾಗಣೆ, ಬೂದಿ ತೆಗೆಯುವಂಥ ಕೆಲಸಗಳು ಗುತ್ತಿಗೆದಾರರ ಮೂಲಕ ನಡೆಯುವುದು ದೇಶದುದ್ದಕ್ಕೂ ರೂಢಿ. ಅದೇ ಹೊಗೆ, ಅದೇ ಧೂಳು, ಅದೇ ಪಾಳಿ ಇದ್ದು ಕ್ಯಾಂಟೀನು, ಬಸ್ಸು, ದವಾಖಾನೆ ಮಾತ್ರ ಬೇರೆಯಾದರೆ ಒಂದು ಗೇಟಿನೊಳಗೆ ಎರಡು ಸಂಸ್ಥೆಗಳಾಗುತ್ತವೆ. ಹೆಲ್ಮೆಟ್ಟು, ಬೂಟು, ನೀರು, ಊಟದ ಜಾಗ, ಪ್ರಥಮ ಚಿಕಿತ್ಸೆ ಈ ಐದರಲ್ಲಾದರೂ ಭೇದ ಇಟ್ಟುಕೊಳ್ಳದಿರುವುದು, ಗುತ್ತಿಗೆದಾರನ ಬಿಲ್ಲು ಪಾಸು ಮಾಡುವ ಮೊದಲು ಅವನ ಆಳುಗಳಿಗೆ ಪಗಾರ ಮತ್ತು ಭವಿಷ್ಯನಿಧಿ ಸಂದಿದೆಯೇ ಎಂದು ನೋಡುವುದು ಸಂಸ್ಥೆಯ ಕೈಯಲ್ಲೇ ಇರುವ ಕೆಲಸ.

ಮೆಚ್ಚುಗೆ ಮತ್ತು ಬೆಳವಣಿಗೆ ಐದನೆಯದು. ದೀಪಾವಳಿಯ ಲಕ್ಷ್ಮೀಪೂಜೆಯ ದಿನ ಗಂಜಿನ ಅಂಗಡಿಗಳಲ್ಲಿ ಗುಮಾಸ್ತರಿಗೂ ಹಮಾಲರಿಗೂ ಬಟ್ಟೆ, ಸಿಹಿ ಕೊಡುವ ವಾಡಿಕೆ ಇದೆ. ಅದು ಸೊಗಸಾದ ವಾಡಿಕೆ. ಆದರೆ ಉಡುಗೊರೆ ಹಕ್ಕಿನ ಜಾಗಕ್ಕೆ ಬರಬಾರದು. 1965ರ ಬೋನಸ್ ಕಾಯ್ದೆ, ಮುಂದಿನ ತಿದ್ದುಪಡಿಯೊಂದಿಗೆ, ಶೇಕಡ 8.33ರ ಕನಿಷ್ಠ ಬೋನಸ್ಸನ್ನು ಗೊತ್ತು ಮಾಡಿದ್ದು ಮಾಲೀಕನ ಮನಸ್ಸಿನ ಮೇಲೆ ಅದು ನಿಲ್ಲಬಾರದೆಂದೇ. ಬೆಳವಣಿಗೆ ಎಂದರೆ ಚೀಲ ಹೊರುವವನು ಯಂತ್ರ ಕಲಿಯುವ ದಾರಿ, ಐಟಿಐ ಮುಗಿಸಿದ ಹುಡುಗ ಫಿಟ್ಟರನಾಗಿ ಮುಂದೆ ಫೋರ್‌ಮನ್ ಆಗುವ ದಾರಿ. ಆ ದಾರಿ ಎಲ್ಲರಿಗೂ ಕಾಣುವಂತೆ ಬರೆದಿರಬೇಕು, ಮೇಲೇರಿದವರನ್ನು ಯಾಕೆ ಆರಿಸಿದರೆಂಬುದಕ್ಕೆ ಉತ್ತರವಿರಬೇಕು. ರಾಯಚೂರನ್ನೂ ಒಳಗೊಂಡ ಕಲ್ಯಾಣ ಕರ್ನಾಟಕಕ್ಕೆ ಸಂವಿಧಾನದ 371 ಜೆ ವಿಧಿಯ ಮೂಲಕ ಸಿಕ್ಕ ಸ್ಥಳೀಯ ಮೀಸಲಾತಿ ಸರ್ಕಾರಿ ಕೆಲಸದ ಬಾಗಿಲು ತೆರೆಯಿತು. ಒಳಗೆ ಬಂದ ಮೇಲಿನ ಏಣಿಯನ್ನು ಆಯಾ ಸಂಸ್ಥೆಯೇ ನಿಲ್ಲಿಸಬೇಕು.

ಕೊನೆಯದು ಬಿಟ್ಟು ಹೋಗುವ ದಿನ. ಐದು ವರ್ಷ ದುಡಿದವನಿಗೆ ಗ್ರಾಚ್ಯುಟಿ ಸಲ್ಲಬೇಕೆಂದು 1972ರ ಕಾಯ್ದೆ ವಿಧಿಸಿತು. ಆ ಹಣಕ್ಕೆ ಹತ್ತು ಸಲ ಅಲೆಸಿದರೆ ಹೊರಡುವವನ ಅನುಭವವಷ್ಟೇ ಕೆಡುವುದಿಲ್ಲ. ನೋಡುತ್ತ ನಿಂತ ಉಳಿದವರಿಗೂ ತಮ್ಮ ಸರದಿ ಹೇಗಿರುತ್ತದೆಂದು ತಿಳಿಯುತ್ತದೆ. ನಿವೃತ್ತನಿಗೆ ಶಾಲು ಹೊದಿಸುವ ದಿನವೇ ಲೆಕ್ಕದ ಕಾಗದವನ್ನೂ ಕೈಗಿಡುವ ಸಂಸ್ಥೆಯಲ್ಲಿ ಶಾಲಿಗೆ ಬೆಲೆ ಬರುತ್ತದೆ.

ಇಷ್ಟನ್ನು ಅಳೆಯಲು ದೊಡ್ಡ ಸಮೀಕ್ಷೆ ಬೇಕಿಲ್ಲ. ಇಪ್ಪತ್ತು ಜನರ ಗಿರಣಿಗೆ ಹಾಜರಿ ಪುಸ್ತಕವೇ ಸಾಕು. ಹಬ್ಬಕ್ಕೆ ಊರಿಗೆ ಹೋದವರಲ್ಲಿ ಎಷ್ಟು ಮಂದಿ ಮರಳಿದರು, ಸೇರಿದ ಮೂರು ತಿಂಗಳೊಳಗೆ ಬಿಟ್ಟವರು ಯಾವ ಮುಕಾದಮನ ಕೈಕೆಳಗಿದ್ದರು, ಹೋದ ಹಂಗಾಮಿನ ಹೆಣ್ಣಾಳುಗಳು ಈ ಸಲ ತಮ್ಮ ಓಣಿಯವರನ್ನೂ ಕರೆತಂದರೋ ಇಲ್ಲವೋ, ವರ್ಷದಲ್ಲಿ ಎಷ್ಟು ದೂರುಗಳು ಬಂದವು. ಒಂದು ದೂರೂ ಬರದಿದ್ದರೆ ಎಲ್ಲವೂ ಸರಿಯಿದೆ ಎಂದು ತಿಳಿಯುವ ಮೊದಲು, ಹೇಳಿಕೊಳ್ಳಲು ಹೆದರಿಕೆ ಇದೆಯೇ ಎಂದು ವಿಚಾರಿಸಬೇಕು. ಬಂದ ದೂರುಗಳಲ್ಲಿ ಎಷ್ಟನ್ನು ತಿದ್ದಲಾಯಿತು ಎಂಬುದನ್ನು ಆ ಪುಸ್ತಕದ ಕೊನೆಯ ಹಾಳೆಯಲ್ಲಿ ಬರೆದಿಡಬೇಕು. ಗುಳೆ ಹೊರಟ ಕುಟುಂಬಗಳಲ್ಲಿ ಒಂದಾದರೂ ಗಂಟುಮೂಟೆ ಇಳಿಸಿ ಹತ್ತಿರದ ಗಿರಣಿಯಲ್ಲೇ ಉಳಿಯುವುದು ಈ ಹಾಳೆಗಳಲ್ಲಿನ ಲೆಕ್ಕ ಸರಿಹೋದ ಮೇಲೆಯೇ.